ಗುಹೆಯ ಶಿಲೆಯೂ ಬರದ ನೆನಪೂ: ಧಾರವಾಡ ಸೀಮೆಯ ಗತಕಾಲದ ಮಳೆ

ಧಾರವಾಡ ಸೀಮೆಯಲ್ಲಿ ಹಿಂದಿನ ಶತಮಾನಗಳಲ್ಲಿ ಮಳೆಯ ಮಾನ ಹೇಗಿದ್ದಿತೆಂಬುದನ್ನು ತಿಳಿಯಲು ನಮಗೆ ಎರಡು ಬಗೆಯ ಆಧಾರಗಳುಂಟು. ಒಂದು ನಿಸರ್ಗವು ಉಳಿಸಿಟ್ಟದ್ದು, ಇನ್ನೊಂದು ಮನುಷ್ಯನು ಬರೆದಿಟ್ಟದ್ದು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಮೋಹ ಸಹಜವಾದದ್ದೇ. ಆದರೆ ಇವೆರಡೂ ಒಂದೇ ಸಂಗತಿಗೆ ಸಾಕ್ಷಿ ನುಡಿಯುತ್ತವೆಯೆ ಎಂಬುದನ್ನು ಮೊದಲು ಪರೀಕ್ಷಿಸಬೇಕಾಗಿದೆ.

ನೈಸರ್ಗಿಕ ಆಧಾರಗಳಲ್ಲಿ ನಮಗೆ ಸಮೀಪವಾದುದು ನೆರೆಯ ಉತ್ತರ ಕನ್ನಡ ಜಿಲ್ಲೆಯ ಅಕಳಗವಿ ಎಂಬ ಗುಹೆಯದು. ಅಲ್ಲಿ ಬೆಳೆದ ಸುಣ್ಣದ ಶಿಲೆಯೊಂದನ್ನು ಎಂ. ಜಿ. ಯಾದವ, ಆರ್. ರಮೇಶ್ ಮತ್ತು ಜಿ. ಬಿ. ಪಂತ್ ಅವರು ಅಭ್ಯಸಿಸಿ 2004ರಲ್ಲಿ ತಮ್ಮ ಪ್ರಬಂಧವನ್ನು ಪ್ರಕಟಿಸಿದರು. ಶಿಲೆಯ ವಯಸ್ಸು 331 ವರ್ಷ. ಮಳೆ ಹೆಚ್ಚಾದಷ್ಟೂ ಅದರ ನೀರಿನಲ್ಲಿ ಭಾರವಾದ ಆಮ್ಲಜನಕದ ಅಂಶ ಕಡಿಮೆಯಾಗುತ್ತದೆ. ಆ ಗುರುತು ಶಿಲೆಯ ಪದರುಗಳಲ್ಲಿ ಉಳಿಯುತ್ತದೆ. ಮಳೆಮಾಪಕಗಳಿಲ್ಲದ ಕಾಲವನ್ನು ಈ ಬಗೆಯಿಂದ ಓದಿದ ಅವರ ಪ್ರಯತ್ನವು ನಿಜಕ್ಕೂ ಶ್ಲಾಘನೀಯವಾದುದು.

ಆದರೂ ಈ ಸಾಕ್ಷ್ಯವನ್ನು ನಮ್ಮ ಸೀಮೆಗೆ ಅನ್ವಯಿಸುವಾಗ ಎರಡು ಆಕ್ಷೇಪಗಳೇಳುತ್ತವೆ. ಮೊದಲನೆಯದು, ಗುಹೆಯ ಮಾಡಿನ ಮೂಲಕ ಜಿನುಗುವ ನೀರಿನಲ್ಲಿ ಹಲವು ಕಾಲದ ಮಳೆ ಬೆರೆತಿರಬಹುದು. ಆಗ ಒಂದೇ ವರ್ಷದ ತೀವ್ರ ಅಭಾವವು ಮಸುಕಾಗುತ್ತದೆ. ಎರಡನೆಯದು ಇನ್ನೂ ಮುಖ್ಯವಾದುದು. ಸಹ್ಯಾದ್ರಿಯ ಮಳೆ ಬಯಲಿನ ಮಳೆಯಲ್ಲ. ಕಲಘಟಗಿಯಿಂದ ನವಲಗುಂದಕ್ಕೆ ಹೋಗುವಷ್ಟರಲ್ಲಿಯೇ ಮಲೆನಾಡಿನ ಸೆರಗು ಮುಗಿದು ಎರೆಯ ನಾಡು ಹಬ್ಬಿಕೊಳ್ಳುತ್ತದೆ. ಘಟ್ಟದ ಮಳೆಯೆಲ್ಲ ಬಹುತೇಕ ಮುಂಗಾರಿನದು. ಎರೆಯ ಹೊಲದ ಬಿಳಿಜೋಳವೋ ಉತ್ತರೆ, ಹಸ್ತ, ಚಿತ್ತೆಗಳ ಹಿಂಗಾರಿ ಮಳೆಯನ್ನು ನಂಬಿದ್ದು. ಮುಂಗಾರು ತುಂಬಿ ಹಿಂಗಾರು ಕೈಕೊಟ್ಟ ವರ್ಷ ಗುಹೆಯ ಲೆಕ್ಕದಲ್ಲಿ ಸುಭಿಕ್ಷವಾಗಿ ಕಾಣಬಹುದು. ನವಲಗುಂದದ ಒಕ್ಕಲಿಗನಿಗೆ ಅದು ಬರಗಾಲವೇ ಸರಿ.

ಇನ್ನು ಮನುಷ್ಯನು ಬರೆದಿಟ್ಟ ಸಾಕ್ಷ್ಯ. 1396ರಿಂದ ಹನ್ನೆರಡು ವರ್ಷ ನಡೆಯಿತೆನ್ನುವ ದುರ್ಗಾದೇವಿ ಬರದ ಸುದ್ದಿ ದಖ್ಖಣದ ಐತಿಹ್ಯದಲ್ಲಿ ಪ್ರಸಿದ್ಧವಾಗಿದೆ. ಅಕಳಗವಿಯ ಶಿಲೆ ಅಷ್ಟು ಹಿಂದಕ್ಕೆ ಹೋಗಲಾರದು; ಕೇರಳದ ಸಾಗವಾನಿಯ ಬಳೆಗಳಿಂದ 2010ರಲ್ಲಿ ಪ್ರಕಟವಾದ 523 ವರ್ಷಗಳ ಶ್ರೇಣಿಯೂ ಹೋಗಲಾರದು. ಈಚಿನ ನೆನಪುಗಳಲ್ಲಿ ಇನ್ನೊಂದು ತೊಡಕು. ಸಂವತ್ಸರದ ಹೆಸರು ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆ. ಬರಿಯ 'ಧಾತು' ಎಂದರೆ 1816–17 ಆಗಬಹುದು, 1876–77 ಆಗಬಹುದು. ಶಕವರ್ಷ ಜೊತೆಗಿಲ್ಲದ ನೆನಪನ್ನು ಕಾಲಗಣನೆಗೆ ಬಳಸುವುದು ಸಾಧುವಲ್ಲ.

ಇವೆಲ್ಲಕ್ಕಿಂತ ದೊಡ್ಡ ಪ್ರಮಾದವೆಂದರೆ ಬರವನ್ನೇ ಮಳೆಯ ಅಳತೆಗೋಲಾಗಿ ಎಣಿಸುವುದು. ಧಾತು–ಈಶ್ವರ ಸಂವತ್ಸರಗಳ, ಎಂದರೆ 1876–78ರ, ಮಹಾಕ್ಷಾಮದಲ್ಲಿ ಮಳೆ ಹೋದದ್ದು ನಿಜ. ಆದರೆ ಜನ ಸತ್ತದ್ದು ಮಳೆಯ ಅಭಾವವೊಂದರಿಂದಲೇ ಅಲ್ಲ. ಕಾಳಿನ ಬೆಲೆ, ಸಾಗಾಟದ ಕೊರತೆ, ಸರಕಾರದ ಜಿಪುಣತನ ಇವೂ ಕಾರಣಗಳು. ಆಗ ಹುಬ್ಬಳ್ಳಿಗೆ ರೇಲ್ವೆ ಬಂದಿರಲಿಲ್ಲ. ಸದರ್ನ್ ಮರಾಠಾ ರೇಲ್ವೆ ಕಂಪನಿ ಹುಟ್ಟಿದ್ದೇ 1882ರಲ್ಲಿ. ಅಷ್ಟೇ ಮಳೆಯ ಅಭಾವ ರೇಲ್ವೆಗೆ ಮೊದಲು ಒಂದು ಫಲ ಕೊಟ್ಟರೆ ಅನಂತರ ಬೇರೊಂದು ಫಲ ಕೊಡಬಹುದು. ಸತ್ತವರ ಸಂಖ್ಯೆಯಿಂದ ಮಳೆಯನ್ನು ಅಳೆದರೆ ಆಳಿದವರ ತಪ್ಪೆಲ್ಲ ಆಕಾಶದ ಪಾಲಾಗುತ್ತದೆ. ಶಿಲೆಯಲ್ಲಿ ಗುರುತು ಕಾಣದೆಂದು ಬರವನ್ನೇ ಅಲ್ಲಗಳೆದರೆ ಸತ್ತವರಿಗೆ ಅನ್ಯಾಯವಾಗುತ್ತದೆ.

ಆದುದರಿಂದ ಶಿಲೆಯ ಪದರು, ಮಳೆಮಾಪಕದ ಅಂಕೆ, ಬರದ ದಾಖಲೆ ಇವುಗಳನ್ನು ಬೇರೆ ಬೇರೆ ಪಂಕ್ತಿಗಳಲ್ಲಿ ಬರೆದು ಅನಂತರ ಹೋಲಿಸುವುದು ಯುಕ್ತವೆಂದು ನಮಗೆ ತೋರುತ್ತದೆ. ಮುಂಗಾರು ಹಿಂಗಾರುಗಳ ಲೆಕ್ಕ ಪ್ರತ್ಯೇಕವಾಗಿರಬೇಕು, ತಾಲ್ಲೂಕುಗಳೂ ಪ್ರತ್ಯೇಕವಾಗಿರಬೇಕು. 1884ರಲ್ಲಿ ಪ್ರಕಟವಾದ ಮುಂಬಯಿ ಇಲಾಖೆಯ ಧಾರವಾಡ ಗೆಝೆಟಿಯರಿನಿಂದ ನಮ್ಮ ವಿದ್ಯಾರ್ಥಿಗಳು ಈ ಕೆಲಸವನ್ನು ಆರಂಭಿಸಬಹುದು. ಸಾಕ್ಷಿಗಳು ಒಂದಕ್ಕೊಂದು ಒಪ್ಪದ ಸ್ಥಳದಲ್ಲಿಯೇ ಹೆಚ್ಚಿನ ವಿಚಾರ ನಡೆಯಬೇಕು. ಅಲ್ಲಿ ಮಳೆಯ ಇತಿಹಾಸ ಮುಗಿದು ಮನುಷ್ಯನ ಇತಿಹಾಸ ಮೊದಲಾಗುತ್ತದೆ.