ಗೋಡೆಯ ಮೇಲೆ ಸೌರಫಲಕ: ಮಲೆನಾಡಿಗೆ ಒಗ್ಗೀತೆ?

ಈಗಾಗಲೇ ಕಟ್ಟಿರುವ ವಸತಿ ಸಮುಚ್ಚಯಗಳ ಹೊರಗೋಡೆಗೆ, ಬಾಲ್ಕನಿಗೆ ಸೌರಫಲಕ ಜೋಡಿಸುವ ಸಲಹೆ ಆಕರ್ಷಕವಾಗಿದೆ. ತಾರಸಿ ಚಿಕ್ಕದು, ಎಲ್ಲರಿಗೂ ಸೇರಿದ್ದು, ಗೋಡೆಯಾದರೋ ವಿಶಾಲ. ಜರ್ಮನಿಯು 2024ರಲ್ಲಿ 800 ವಾಟ್‌ವರೆಗಿನ ಬಾಲ್ಕನಿ ಘಟಕಗಳ ನಿಯಮಗಳನ್ನು ಸರಳಗೊಳಿಸಿತು. ಆದರೆ ಇದೇ ಮಾದರಿಯನ್ನು ಸಕಲೇಶಪುರ, ಆಲೂರಿನ ಎರಡು-ಮೂರು ಮಹಡಿಯ ಕಟ್ಟಡಗಳಿಗೆ ಹಾಗೆಯೇ ಅನ್ವಯಿಸುವುದು ಸರಿಯೆ?

ಒಂದು ಸರಳ ಲೆಕ್ಕ ನೋಡೋಣ. ಬರ್ಲಿನ್ ಸುಮಾರು 52.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮಾರ್ಚ್ 21ರ ಮಧ್ಯಾಹ್ನ ಅಲ್ಲಿ ಸೂರ್ಯನ ಎತ್ತರ 37.5 ಡಿಗ್ರಿ ಮಾತ್ರ. ನೇರ ಬಿಸಿಲನ್ನು 100 ಎಂದುಕೊಂಡರೆ ದಕ್ಷಿಣದ ಗೋಡೆಗೆ 79, ಸಮತಟ್ಟಾದ ತಾರಸಿಗೆ 61 ಭಾಗ ದೊರೆಯುತ್ತದೆ. ಸಕಲೇಶಪುರ ಇರುವುದು 13 ಡಿಗ್ರಿಯ ಬಳಿ. ಅದೇ ದಿನ ಇಲ್ಲಿ ಸೂರ್ಯ 77 ಡಿಗ್ರಿ ಎತ್ತರದಲ್ಲಿರುತ್ತಾನೆ. ಗೋಡೆಗೆ ಸಿಗುವುದು 22, ತಾರಸಿಗೆ 97! ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕಿರುವುದರಿಂದ ದಕ್ಷಿಣದ ಗೋಡೆಗೆ ಆಗ ನೇರ ಬಿಸಿಲೇ ಇಲ್ಲ.

ಜೊತೆಗೆ ಮಳೆಗಾಗಿ ಕಟ್ಟಿದ ಸಜ್ಜಗಳಿವೆ. ಮಾರ್ಚ್ ಮಧ್ಯಾಹ್ನ 60 ಸೆಂ.ಮೀ. ಸಜ್ಜದ ನೆರಳು ಗೋಡೆಯ ಮೇಲೆ 2.6 ಮೀಟರ್ ಕೆಳಗಿಳಿಯುತ್ತದೆ. ಅಂದರೆ ಹೆಚ್ಚುಕಡಿಮೆ ಇಡೀ ಮಹಡಿಯೇ ನೆರಳಿನಲ್ಲಿ. ಪೂರ್ವ, ಪಶ್ಚಿಮದ ಗೋಡೆಗಳಿಗೆ ಬಿಸಿಲು ಅರ್ಧ ದಿನ ಮಾತ್ರ. ಅದನ್ನೂ ಗುಡ್ಡ, ಸಿಲ್ವರ್ ಮರಗಳು ತಡೆಯಬಹುದು. ಮಳೆಗಾಲದಲ್ಲಿ ಮೋಡದಿಂದ ಚದುರಿದ ಬೆಳಕೇ ಆಧಾರ. ಗೋಡೆಗೆ ಕಾಣುವುದು ಅರ್ಧ ಆಕಾಶವಷ್ಟೆ.

ಹಾಗಾದರೆ ಕಟ್ಟಡದ ಹೊರಮೈ ನಿರುಪಯುಕ್ತವೆ? ಹಾಗಲ್ಲ. ತಾರಸಿ ಸೋರದಿರಲೆಂದು ಅದರ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ಶೀಟು ಹೊದಿಸುವುದು ಮಲೆನಾಡಿನ ರೂಢಿ. ದಕ್ಷಿಣಕ್ಕೆ 10-15 ಡಿಗ್ರಿ ಇಳಿಜಾರಿರುವ ಇಂಥ ಮಾಡು ಫಲಕಗಳಿಗೆ ಹೇಳಿಮಾಡಿಸಿದ ಜಾಗ. ಆದರೆ ಫಲಕಗಳ ಭಾರವನ್ನೂ ಗಾಳಿಯ ಸೆಳೆತವನ್ನೂ ಚೌಕಟ್ಟು ತಾಳುವುದೇ ಎಂದು ಎಂಜಿನಿಯರ್ ಪರೀಕ್ಷಿಸಬೇಕು. ಶೀಟಿಗೆ ಕೊರೆದ ಪ್ರತಿಯೊಂದು ತೂತಿಗೂ ರಬ್ಬರ್ ವಾಷರ್ ಹಾಕಿ ಬಿಗಿಮಾಡಬೇಕು.

ಇನ್ನೊಂದು ವಿಷಯವನ್ನು ಮಾರಾಟಗಾರರು ಸ್ಪಷ್ಟವಾಗಿ ಹೇಳಬೇಕು. ಗ್ರಿಡ್‌ಗೆ ಜೋಡಿಸಿದ ಸಾಮಾನ್ಯ ಇನ್ವರ್ಟರ್, ಲೈನ್ ದುರಸ್ತಿ ಮಾಡುವವರ ಸುರಕ್ಷತೆಗಾಗಿ, ಕರೆಂಟು ಹೋದೊಡನೆ ತಾನೂ ನಿಲ್ಲುತ್ತದೆ. ಮರ ಬಿದ್ದು ತಂತಿ ಹರಿಯುವ ಜುಲೈ ತಿಂಗಳಲ್ಲಿ, ಬ್ಯಾಟರಿ ಹಾಗೂ ಅದಕ್ಕೆ ಹೊಂದುವ ಇನ್ವರ್ಟರ್ ಇಲ್ಲದಿದ್ದರೆ, ಫಲಕವಿದ್ದೂ ಮನೆ ಕತ್ತಲೆ.

2024ರ ಪಿಎಂ ಸೂರ್ಯಘರ್ ಯೋಜನೆಯು ವಸತಿ ಸಮುಚ್ಚಯಗಳ ಸಾಮಾನ್ಯ ಸೌಲಭ್ಯಗಳಿಗೆ ಕಿಲೋವಾಟ್‌ಗೆ 18,000 ರೂ. ಸಹಾಯಧನ ನಿಗದಿಪಡಿಸಿತು. ಈ ಲೆಕ್ಕ ಅಳವಡಿಸಿದ ಸಾಮರ್ಥ್ಯದ್ದು, ಉತ್ಪಾದಿಸಿದ ಯೂನಿಟ್‌ಗಳದ್ದಲ್ಲ. ತಪ್ಪು ಜಾಗ ಆರಿಸಿದರೆ ನಷ್ಟ ನಿವಾಸಿಗಳದೇ. ಆದ್ದರಿಂದ ಗೋಡೆಯೇ ಬೇಕೆನ್ನುವವರು ಹಣ ಕೊಡುವ ಮೊದಲು ಡಿಸೆಂಬರ್‌ನಲ್ಲಿ ಒಂದು ದಿನ, ಏಪ್ರಿಲ್‌ನಲ್ಲಿ ಒಂದು ದಿನ ಗಂಟೆಗೊಮ್ಮೆ ಆ ಗೋಡೆಯ ನೆರಳನ್ನು ಸೀಮೆಸುಣ್ಣದಿಂದ ಗುರುತಿಸಿ ನೋಡಲಿ.