ಅಂಗಾಲಿನ ಹದ

ವಿಮಾನ ನೋಡಲು ಬೇಲಿ ಬದಿಗೆ ಬಂದು ನಿಲ್ಲುವವರ ಕಣ್ಣೆಲ್ಲ ರೆಕ್ಕೆಯ ಮೇಲೆ. ನನ್ನದು ಕಾಲಿನ ಮೇಲೆ. ಬೋಯಿಂಗ್ 777 ಇಳಿಯುವುದನ್ನು ಒಮ್ಮೆ ಹಾಗೆ ನೋಡಬೇಕು. ಎರಡು ದೊಡ್ಡ ಕಾಲು, ಒಂದೊಂದಕ್ಕೂ ಎರಡೆರಡರ ಮೂರು ಜೋಡಿ ಚಕ್ರ. ಗಾಳಿಯಲ್ಲಿದ್ದಾಗ ಆ ಪಾದ ಮಟ್ಟಸವಾಗಿರುವುದಿಲ್ಲ, ಹಿಮ್ಮಡಿ ಇಳಿಬಿದ್ದಿರುತ್ತದೆ. ಹಿಂದಿನ ಜೋಡಿ ಮೊದಲು ನೆಲ ಮುಟ್ಟಿ ಬೂದು ಹೊಗೆ ಹಾರಿಸುತ್ತದೆ, ಆಮೇಲೆ ನಡುವಿನದು, ಕೊನೆಗೆ ಮುಂದಿನದು. ತುಂಬಿದ ಕೊಡ ಹೊತ್ತವಳು ಕೆಸರಿಗೆ ಕಾಲಿಟ್ಟ ಹಾಗೆ: ಮೊದಲು ತಾಗಿಸಿ, ಒತ್ತಿ ನೋಡಿ, ನಂಬಿಕೆ ಬಂದ ಮೇಲೆ ಪೂರಾ ಭಾರ. 767ರ ನಡೆಯೇ ಬೇರೆ, ಅದು ತುದಿಗಾಲಿನಲ್ಲಿ ಇಳಿಯುತ್ತದೆ. ಈ ವಾಲಿಕೆಯಲ್ಲಿ ಕಾಲು ಮಡಚಿಡುವ ಜಾಗದ ಲೆಕ್ಕವೂ ಇದೆ, ಇರಲಿ. ಆರಾರು ಚಕ್ರ ಯಾಕೆ ಬೇಕಾಯಿತು ಎಂಬುದಕ್ಕೆ ಮಾತ್ರ ನೆಲವನ್ನೇ ಕೇಳಬೇಕು.

ಆನೆ ನಡೆದದ್ದೇ ದಾರಿ ಅನ್ನುತ್ತೇವೆ. 1946ರಲ್ಲಿ ಅಮೆರಿಕದ ಫೋರ್ಟ್ ವರ್ತ್‌ನಲ್ಲಿ ಮೊದಲ ಸಲ ಹಾರಿದ ಎಕ್ಸ್‌ಬಿ-36 ಎಂಬ ಆನೆಗೆ ಆ ಭಾಗ್ಯವಿರಲಿಲ್ಲ. ಆ ದೈತ್ಯ ಬಾಂಬರಿಗೆ ರೆಕ್ಕೆಯಡಿ ಕಾಲಿಗೊಂದೇ ಚಕ್ರ. ಚಕ್ರವೆಂದರೆ 110 ಅಂಗುಲದ್ದು, ಪಕ್ಕದಲ್ಲಿ ನಿಂತ ಆಳು ಅದರ ಮುಂದೆ ಗಿಡ್ಡ. ನೋಡಲು ಭವ್ಯ. ಆದರೆ ಅದನ್ನು ತಾಳಿಕೊಳ್ಳಲು 22 ಅಂಗುಲ ದಪ್ಪದ ಕಾಂಕ್ರೀಟ್ ಬೇಕಿತ್ತು, ಅಂಥ ರನ್‌ವೇ ಆಗ ಅಮೆರಿಕದಲ್ಲಿ ಮೂರೇ. ಭೂಖಂಡ ದಾಟಬಲ್ಲ ವಿಮಾನ, ಇಳಿಯಲು ಮೂರೇ ಊರು! ಆಮೇಲೆ ಬಂದ ಬಿ-36ಗಳಿಗೆ ಕಾಲಿಗೆ ನಾಲ್ಕು ಸಣ್ಣ ಚಕ್ರ ಜೋಡಿಸಿದರು. ವಿಮಾನದ ತೂಕ ಇಳಿಯಲಿಲ್ಲ, ಹೆಜ್ಜೆ ಅಗಲವಾಯಿತು, ಅಷ್ಟೆ. ಕೆಸರಿಗೆ ಹಲಗೆ ಹಾಸಿ ದಾಟುವ ನಮ್ಮೂರ ಉಪಾಯವೇ.

ಈ ಉಪಾಯದ ಸೊಗಸು ಪೂರ್ತಿ ಅರಳಿದ್ದು ಎ380ಯಲ್ಲಿ. 2022ರ ಅಕ್ಟೋಬರಿನಲ್ಲಿ ಎಮಿರೇಟ್ಸ್‌ನ ಈ ವಿಮಾನ ಬೆಂಗಳೂರಿಗೆ ಬರತೊಡಗಿದಾಗ ಎಲ್ಲರೂ ಅದರ ಎರಡು ಅಂತಸ್ತಿನ ಮಾತಾಡಿದರು. ನಾನು ಚಕ್ರ ಎಣಿಸಿದೆ. ಮೂಗಿನಡಿ ಎರಡು, ಹೊಟ್ಟೆ ಮತ್ತು ರೆಕ್ಕೆಯಡಿ ಇಪ್ಪತ್ತು. ಹೊರಡುವಾಗಿನ ಗರಿಷ್ಠ ತೂಕ 575 ಟನ್. ಅದರಲ್ಲಿ ಮೂಗು ಹೊರುವ ಸ್ವಲ್ಪ ಪಾಲು ಕಳೆದರೆ ಚಕ್ರಕ್ಕೆ ಸುಮಾರು 27 ಟನ್ ಬೀಳುತ್ತದೆ. 254 ಟನ್ನಿನ 787-9 ನಿಂತಿರುವುದು ಎಂಟೇ ಹಿಂಗಾಲಿನ ಚಕ್ರಗಳ ಮೇಲೆ, ಅಂದರೆ ಚಕ್ರಕ್ಕೆ ಸುಮಾರು 30 ಟನ್. ದೊಡ್ಡಣ್ಣನಿಗಿಂತ ತಮ್ಮನದೇ ಗಡುಸು ಹೆಜ್ಜೆ! ಚಕ್ರಗಳ ನಡುವಿನ ಅಂತರ, ಟೈರಿನ ಒತ್ತಡ ಇವೂ ಲೆಕ್ಕಕ್ಕೆ ಬರುತ್ತವೆ, ನಿಜ. ಆದರೂ ಈ ಸಣ್ಣ ಭಾಗಾಕಾರ ನನಗೆ ಕೊಟ್ಟ ಖುಷಿ ಅಷ್ಟಿಷ್ಟಲ್ಲ.

ರನ್‌ವೇಗಳಿಗೂ ಒಂದು ಜಾತಕವಿದೆ. 1981ರಿಂದ ಬಳಕೆಯಲ್ಲಿದ್ದ ಪಿಸಿಎನ್ ಪದ್ಧತಿಯಲ್ಲಿ ಅದು ಒಂದೇ ಸಾಲು, 80/ಆರ್/ಬಿ/ಡಬ್ಲ್ಯು/ಟಿ ಎಂಬಂತೆ. 80 ತಾಳಿಕೆಯ ಅಂಕಿ. ಆರ್ ಅಂದರೆ ಕಾಂಕ್ರೀಟ್, ಎಫ್ ಆಗಿದ್ದರೆ ಡಾಂಬರು. ಬಿ ಎಂಬುದು ಅಡಿಮಣ್ಣಿನ ಗಟ್ಟಿತನ. ಡಬ್ಲ್ಯು ಅಂದರೆ ಟೈರಿನ ಒತ್ತಡಕ್ಕೆ ಮಿತಿಯಿಲ್ಲ. ಕೊನೆಯ ಟಿ ಎಂದರೆ ಲೆಕ್ಕ ಹಾಕಿ ಹೇಳಿದ್ದು. ಅಲ್ಲಿ ಯು ಇದ್ದರೆ? ಇಂಥ ವಿಮಾನ ಇಷ್ಟು ಕಾಲ ಓಡಾಡಿದೆ, ಏನೂ ಆಗಿಲ್ಲ ಎಂಬ ಅಜ್ಜಿಯ ಸಾಕ್ಷಿ. 2024ರಲ್ಲಿ ಪಿಸಿಆರ್ ಎಂಬ ಹೊಸ ಲೆಕ್ಕ ಬಂತು, ಅಂಕಿಗಳು ಬದಲಾದವು. ಅಜ್ಜಿಯ ಸಾಕ್ಷಿಗೆ ಅಲ್ಲೂ ಜಾಗ ಉಳಿದಿದೆ.

ಜಾತಕ ಕೂಡದಿದ್ದರೆ ಪೆಟ್ಟು ಬೀಳುವುದು ದೂರದ ಪ್ರಯಾಣಕ್ಕೆ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ನೇರ ಬಂದ ಏರ್ ಇಂಡಿಯಾದ 777-200ಎಲ್‌ಆರ್‌ನಂಥದ್ದು ಹೊರಡುವಾಗ 347 ಟನ್ ತೂಗಬಲ್ಲದು. ಅದರಲ್ಲಿ 140 ಟನ್ನಿಗೂ ಮಿಕ್ಕಿ ಇಂಧನವೇ ಇರಬಹುದು. ಅದೇ ವಿಮಾನ ಮೆತ್ತನೆಯ ರನ್‌ವೇಯಿಂದ ಹೊರಡಬೇಕಾದರೆ ಇಂಧನ ಬಿಡಬೇಕು, ಇಲ್ಲವೇ ಸರಕು, ಜನರನ್ನು ಬಿಡಬೇಕು. ನಡುದಾರಿಯಲ್ಲಿ ಇಳಿದು ಮತ್ತೆ ತುಂಬಿಸಿಕೊಳ್ಳಬೇಕು. ಅಪರೂಪಕ್ಕೆ ಮಿತಿ ಮೀರಬಹುದು. ಹಳೆಯ ಪದ್ಧತಿ ಡಾಂಬರಿಗೆ ನೂರಕ್ಕೆ ಹತ್ತು, ಕಾಂಕ್ರೀಟಿಗೆ ಐದು ಎಂದು ರಿಯಾಯಿತಿ ಕೊಟ್ಟಿತ್ತು. ಡಾಂಬರು ಬಾಗುತ್ತದೆ, ಕಾಂಕ್ರೀಟು ಸಿಡುಕಿನದು, ಬಿರುಕು ಬಿಡುತ್ತದೆ.

ಇಳಿಯುವಾಗಿನ ಆ ದಡಕ್ಕನೆಯ ಸದ್ದೇ ನೆಲಕ್ಕೆ ದೊಡ್ಡ ಏಟು ಎಂದು ನಾನು ಬಹಳ ಕಾಲ ತಿಳಿದಿದ್ದೆ. ಅಲ್ಲವಂತೆ. ಇಳಿಯುವಾಗ ಎ380 400 ಟನ್ನಿಗೂ ಕಡಿಮೆ, ಅದರಲ್ಲೂ ಇನ್ನಷ್ಟನ್ನು ರೆಕ್ಕೆ ಹೊತ್ತಿರುತ್ತದೆ. ನೆಲ ನಲುಗುವುದು ಹೊರಡುವ ವಿಮಾನ ನಿಧಾನ ಉರುಳುವಾಗ, ಸಾಲಿನಲ್ಲಿ ಸುಮ್ಮನೆ ನಿಂತಾಗ. ಹಾಗಾಗಿ ಟ್ಯಾಕ್ಸಿವೇಗೂ ರನ್‌ವೇ ತುದಿಗೂ ದಪ್ಪ ಹೆಚ್ಚು ಬೇಕು, ನಡುಭಾಗ ಅಷ್ಟಕ್ಕಷ್ಟೇ ಸಾಕು.

ಈಗ ರನ್‌ವೇ ತುದಿಯಲ್ಲಿ ನಿಂತಿರುವ ಆ 777-300ಇಆರ್ ನೋಡಿ. ಹೊಟ್ಟೆ ತುಂಬ ಇಂಧನ, ಟೈರುಗಳು ತಳದಲ್ಲಿ ಚಪ್ಪಟೆ. ಹೊರಡುತ್ತದೆ. ವೇಗ ಏರಿದ ಹಾಗೆ ರೆಕ್ಕೆ ಭಾರವನ್ನು ಕೈಗೆತ್ತಿಕೊಳ್ಳುತ್ತದೆ, ಕುಗ್ಗಿದ್ದ ಕಾಲು ಉದ್ದವಾಗಿ ಒಳಗಿನ ಹೊಳೆಯುವ ಉಕ್ಕು ಕಾಣುತ್ತದೆ. ಮೂಗೆತ್ತಿದಾಗ ಮುಂದಿನ ಜೋಡಿ ನೆಲ ಬಿಡುತ್ತದೆ, ಆಮೇಲೆ ನಡುವಿನದು. ಹಿಂದಿನ ಜೋಡಿ ಒಂದು ಗಳಿಗೆ ಇನ್ನೂ ಅಂಟಿಕೊಂಡೇ ಇರುತ್ತದೆ.