ಧ್ವನಿಮಾಪನ ತಂತ್ರಾಂಶವೂ ಅದರ ದೋಷಪರಿಶೋಧನೆಯೂ

ಕನ್ನಡದ ಛಂದಸ್ಸು, ಉಚ್ಚಾರಣೆ, ಗಮಕವಾಚನ ಇವುಗಳನ್ನು ಕುರಿತು ಬರೆಯುವವರಿಗೆ ಹಿಂದೆ ಲಕ್ಷಣಗ್ರಂಥಗಳ ವಚನವೂ ತಮ್ಮ ಶ್ರವಣಾನುಭವವೂ ಪ್ರಮಾಣಗಳಾಗಿದ್ದುವು. ಈಗ ಇವೆರಡರ ಜೊತೆಗೆ ಮೂರನೆಯದೊಂದು ಬಂದು ಸೇರಿದೆ. ಅದು ಗಣಕಯಂತ್ರವು ಕೊಡುವ ಅಂಕೆ. ಇಂತಹ ಅಂಕೆಗಳನ್ನು ಕೊಡುವ ಸಾಧನಗಳಲ್ಲಿ ವಿದ್ವಾಂಸರ ನಡುವೆ ಬಹಳ ಪ್ರಚಾರದಲ್ಲಿರುವುದು ‘ಪ್ರಾಟ್’ ಎಂಬ ತಂತ್ರಾಂಶವು. ಆಮ್‌ಸ್ಟರ್‌ಡಾಮ್ ವಿಶ್ವವಿದ್ಯಾನಿಲಯದ ಪಾಲ್ ಬುರ್ಸ್ಮ, ಡೇವಿಡ್ ವೇನಿಂಕ್ ಎಂಬ ಧ್ವನಿವಿಜ್ಞಾನಿಗಳು ಇದರ ಕರ್ತೃಗಳು. ಇದು ಬೆಲೆಯಿಲ್ಲದೆ ದೊರೆಯುವುದಲ್ಲದೆ, ಇದರ ಸಂಕೇತಪಾಠವೂ ಯಾರು ಬೇಕಾದರೂ ಓದಿ ಪರೀಕ್ಷಿಸುವಂತೆ ಬಹಿರಂಗವಾಗಿದೆ. ಈ ತಂತ್ರಾಂಶದ ಗುಣದೋಷಗಳನ್ನೂ, ಅದನ್ನು ಬಳಸುವವರು ತಿದ್ದುಪಡಿಗೆ ನೆರವಾಗಬೇಕಾದ ರೀತಿಯನ್ನೂ ವಿಮರ್ಶಿಸುವುದು ಪ್ರಕೃತ ಲೇಖನದ ಉದ್ದೇಶವು.

ಪ್ರಾಚೀನ ಕಾವ್ಯವೊಂದನ್ನು ಸಂಪಾದಿಸುವ ಪಂಡಿತನು ಒಂದೇ ಓಲೆಪ್ರತಿಯ ಪಾಠವನ್ನು ಕಣ್ಣುಮುಚ್ಚಿ ಒಪ್ಪುವುದಿಲ್ಲ. ಲಿಪಿಕಾರನ ಅಭ್ಯಾಸವೇನು, ಅವನು ಎಲ್ಲಿ ಎಡವುವನು ಎಂಬುದನ್ನು ಅರಿತ ಮೇಲೆಯೇ ಪಾಠನಿರ್ಣಯಕ್ಕೆ ತೊಡಗುವನು. ಯಂತ್ರದ ಅಂಕೆಯೂ ಒಂದು ಪಾಠವೇ ಹೊರತು ಸ್ವತಃಪ್ರಮಾಣವಲ್ಲ. ಅದು ಎಡವುವ ಸ್ಥಳಗಳನ್ನು ಅರಿಯದೆ ಅದನ್ನು ಉದಾಹರಿಸಿದರೆ ಸಾಹಿತ್ಯವಿಮರ್ಶೆಯೇ ತಪ್ಪುದಾರಿಗೆ ಬೀಳುವುದು.

ಮೊದಲು ದನಿಯ ಏರಿಳಿತವನ್ನು ನೋಡೋಣ. ಧ್ವನಿಯ ಮೂಲ ಆವರ್ತನವನ್ನು ಕಂಡುಹಿಡಿಯಲು ಬುರ್ಸ್ಮನು 1993ರಲ್ಲಿ ಪ್ರಕಟಿಸಿದ ವಿಧಾನದ ತಿರುಳು ಇಷ್ಟು: ಧ್ವನಿಯ ಒಂದು ತುಣುಕನ್ನು ಸ್ವಲ್ಪ ಸರಿಸಿ ಅದರೊಡನೆಯೇ ಹೋಲಿಸುವುದು; ಎಷ್ಟು ಸರಿಸಿದರೆ ಎರಡೂ ಚೆನ್ನಾಗಿ ಹೊಂದುವುವೋ ಅದೇ ಒಂದು ಆವರ್ತದ ಕಾಲ. ಆದರೆ 5 ಮಿಲಿಸೆಕೆಂಡಿಗೊಮ್ಮೆ ಮರುಕಳಿಸುವ ಧ್ವನಿಯು 10 ಮಿಲಿಸೆಕೆಂಡು ಸರಿಸಿದರೂ ಹೊಂದಿಕೊಳ್ಳುವುದಷ್ಟೆ. ಆದಕಾರಣ 200 ಹರ್ಟ್ಸ್ ಇರುವುದನ್ನು 100 ಎಂದು ಓದುವ ಅಪಾಯವು ಈ ವಿಧಾನದ ಹುಟ್ಟುಗುಣ. ಇದನ್ನು ತಡೆಯಲು ಕರ್ತೃಗಳು ಹಲವು ಉಪಾಯಗಳನ್ನು ಸೇರಿಸಿರುವರು; ಹುಡುಕಬೇಕಾದ ಕೆಳ ಮತ್ತು ಮೇಲಿನ ಎಲ್ಲೆಗಳನ್ನು ನಿಗದಿಮಾಡುವ ಭಾರವನ್ನಂತೂ ಬಳಸುವವರಿಗೇ ಬಿಟ್ಟಿರುವರು.

ಗಮಕಿಯೊಬ್ಬರು ಷಟ್ಪದಿಯ ಮೂರನೆಯ ಪಾದದ ಕೊನೆಯಲ್ಲಿ ದನಿಯನ್ನು 320 ಹರ್ಟ್ಸಿಗೆ ಏರಿಸಿದರೆಂದು ಇಟ್ಟುಕೊಳ್ಳೋಣ. ಪುರುಷರ ಮಾತಿಗೆ ಒಪ್ಪುವ 300 ಹರ್ಟ್ಸನ್ನೇ ಮೇಲಿನ ಎಲ್ಲೆಯಾಗಿ ಇಟ್ಟಿದ್ದರೆ ತಂತ್ರಾಂಶವು ಅಲ್ಲಿ 160 ಎಂದು ತೋರಿಸಬಹುದು. ಅದನ್ನು ನಂಬಿದ ವಿಮರ್ಶಕನು ‘ಇಲ್ಲಿ ವಾಚಕರು ದನಿಯನ್ನು ಇಳಿಸಿ ಭಾವವನ್ನು ಶಾಂತಗೊಳಿಸಿರುವರು’ ಎಂದು ಬರೆದಾನು. ನಡೆದುದಾದರೋ ಅದಕ್ಕೆ ತೀರ ವಿರುದ್ಧ. ಹಾಗೆಯೇ ವಾಕ್ಯದ ಕೊನೆಯಲ್ಲಿ ದನಿಯು ಕರಕರನೆ ಇಳಿದು ಕೆಳಗಿನ ಎಲ್ಲೆಯನ್ನು ದಾಟಿದರೆ ಪಟ್ಟಿಯಲ್ಲಿ ಆ ಭಾಗವು ಖಾಲಿಯಾಗಬಹುದು. ಆ ಖಾಲಿಗೆ ದನಿಯೇ ಇಲ್ಲವೆಂಬ ಅರ್ಥವಿಲ್ಲ.

ಸ್ವರಗಳ ವಿಷಯದಲ್ಲಿಯೂ ಇಂತಹುದೇ ತೊಡಕುಂಟು. ಬಾಯಿಯ ಆಕಾರದಿಂದ ಉಂಟಾಗುವ ಅನುನಾದಗಳನ್ನು, ಎಂದರೆ ಫಾರ್ಮೆಂಟುಗಳನ್ನು, ಎಣಿಸುವಾಗ ತಂತ್ರಾಂಶವು ಮೊದಲೇ ಇಟ್ಟುಕೊಂಡಿರುವ ಮೇಲಿನ ಎಲ್ಲೆ 5500 ಹರ್ಟ್ಸ್. ಇದು ವಯಸ್ಕ ಸ್ತ್ರೀಯರ ದನಿಗೆ ಒಪ್ಪುವುದು. ಪುರುಷರಿಗೆ 5000 ತಕ್ಕುದೆಂದು ಕೈಪಿಡಿಯೇ ಹೇಳುತ್ತದೆ. ‘ಊ’ಕಾರದಲ್ಲಿ ಮೊದಲನೆಯ ಮತ್ತು ಎರಡನೆಯ ಅನುನಾದಗಳು ಒಂದಕ್ಕೊಂದು ಹತ್ತಿರವಿರುವುವು. ಎಲ್ಲೆಯು ಹೆಚ್ಚಾಗಿದ್ದರೆ ಎರಡೂ ಒಂದಾಗಿ ಕಂಡು, ಮೂರನೆಯದು ಎರಡನೆಯದರ ಸ್ಥಾನಕ್ಕೆ ಬರಬಹುದು. ಆಗ ನಾಲಗೆಯ ಹಿಂಭಾಗದ ಸ್ವರವು ಮುಂಭಾಗದ್ದೆಂದು ತೋರುವುದು. ಒಂದು ಪ್ರಾಂತದ ಉಚ್ಚಾರಣೆಯಲ್ಲಿ ಹೊಸ ಸ್ವರಭೇದವಿದೆಯೆಂಬ ಸಿದ್ಧಾಂತವು ಇಷ್ಟರಿಂದಲೇ ಹುಟ್ಟಿಬಿಡಬಹುದು.

ಹೀಗಿರಲು, ಅಂಕೆಯನ್ನು ಪರೀಕ್ಷಿಸುವ ಬಗೆ ಹೇಗೆ? ಮೊದಲನೆಯದು, ಬೆಲೆಯು ಮುಂಚೆಯೇ ತಿಳಿದಿರುವ ಧ್ವನಿಯನ್ನು ಅಳೆಯುವುದು. 440 ಹರ್ಟ್ಸಿನ ಶ್ರುತಿಕವೆಯು ಇದಕ್ಕೆ ಸುಲಭ ಸಾಧನ. ಗೊತ್ತಾದ ಅನುನಾದಗಳುಳ್ಳ ಕೃತಕಸ್ವರವನ್ನು ರಚಿಸುವ ಏರ್ಪಾಡು ತಂತ್ರಾಂಶದಲ್ಲಿಯೇ ಇದೆ. ಆದರೆ ಅದು ತಾನು ರಚಿಸಿದುದನ್ನು ತಾನೇ ಅಳೆಯುವುದು ತನಗೆ ತಾನೇ ಸಾಕ್ಷಿ ನುಡಿದಂತೆ ಎಂಬುದನ್ನು ಮರೆಯಬಾರದು. ಎರಡನೆಯದು, ತರಂಗಚಿತ್ರವನ್ನು ಹಿಗ್ಗಿಸಿ ಆವರ್ತಗಳನ್ನು ಕಣ್ಣಿನಿಂದಲೇ ಎಣಿಸುವುದು: ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ 32 ಆವರ್ತಗಳಿದ್ದರೆ ದನಿಯು 320 ಹರ್ಟ್ಸೇ ಸರಿ, ಪಟ್ಟಿ ಏನನ್ನೇ ಹೇಳಲಿ. ಮೂರನೆಯದು, ಎಲ್ಲೆಗಳಲ್ಲಿ ಒಂದೊಂದನ್ನೇ ಬದಲಿಸಿ ಫಲವು ಬದಲಾಗುವುದೇ ಎಂದು ನೋಡುವುದು.

ಬಳಕೆದಾರರ ಅನುಭವವು ಇಂತಹ ತೊಡಕಿಗೆ ಪರಿಹಾರವಾದುದಕ್ಕೆ ಒಳ್ಳೆಯ ನಿದರ್ಶನವುಂಟು. ಡೇನಿಯಲ್ ಹರ್ಸ್ಟ್ ಎಂಬ ವಿದ್ವಾಂಸರು ಎರಡು ಸಲ ಅಳೆಯುವ ಕ್ರಮವನ್ನು ಸೂಚಿಸಿದರು. ಮೊದಲು ವಿಶಾಲವಾದ ಎಲ್ಲೆಗಳಿಂದ ಅಳೆದು, ದೊರೆತ ಬೆಲೆಗಳ ಮೊದಲನೆಯ ಚತುರ್ಥಕವನ್ನು 0.75ರಿಂದಲೂ ಮೂರನೆಯ ಚತುರ್ಥಕವನ್ನು 1.5ರಿಂದಲೂ ಗುಣಿಸಿ, ಅವುಗಳನ್ನೇ ಕೆಳ-ಮೇಲಿನ ಎಲ್ಲೆಗಳಾಗಿಟ್ಟು ಮತ್ತೆ ಅಳೆಯಬೇಕು. ಇದರಿಂದ ಎಲ್ಲೆಗಳು ಆಯಾ ವ್ಯಕ್ತಿಯ ದನಿಗೆ ತಕ್ಕಂತಾಗುವುವು. ಭಾವಾವೇಶದ ವಾಚನಕ್ಕೆ ಮೇಲಿನ ಎಲ್ಲೆಯು ಇದಕ್ಕಿಂತ ಹಿರಿದಾಗಿರಬೇಕು. ನಮ್ಮ ಗಮಕಕ್ಕೂ ಅದು ಅನ್ವಯಿಸತಕ್ಕುದೇ. ಕರ್ತೃಗಳೂ ಸುಮ್ಮನಿದ್ದವರಲ್ಲ. 2023ರಲ್ಲಿ ಹೊರಬಂದ 6.4ನೆಯ ಆವೃತ್ತಿಯಲ್ಲಿ ಧ್ವನಿಯನ್ನು ಮೊದಲು ಸೋಸಿ ಆಮೇಲೆ ಹೋಲಿಸುವ ವಿಧಾನವನ್ನು ತಂದು, ಎಲ್ಲೆಗಳನ್ನು 50ರಿಂದ 800 ಹರ್ಟ್ಸಿನವರೆಗೆ ವಿಸ್ತರಿಸಿರುವರು. ಪ್ರತಿಯೊಂದು ಆವೃತ್ತಿಯಲ್ಲಿ ತಿದ್ದಿದ ದೋಷಗಳ ಪಟ್ಟಿಯನ್ನೂ ಪ್ರಕಟಿಸುತ್ತಿರುವರು. ತಮ್ಮ ಶುದ್ಧಿಪತ್ರವನ್ನು ಇಷ್ಟು ಬಹಿರಂಗವಾಗಿಟ್ಟಿರುವುದು ಪ್ರಶಂಸನೀಯ.

ಆದರೂ ಒಂದು ಆಕ್ಷೇಪವನ್ನು ಹೇಳದೆ ವಿಧಿಯಿಲ್ಲ. ದನಿಯ ಪಟ್ಟಿಯನ್ನು ತೆಗೆದಾಗ ಅದರಲ್ಲಿ ಕಾಲವೂ ಆವರ್ತನವೂ ಮಾತ್ರ ಬರುವುವು. ಯಾವ ವಿಧಾನದಿಂದ, ಯಾವ ಎಲ್ಲೆಗಳಿಂದ ಅಳೆದುದೆಂಬುದು ಅಂಕೆಗಳ ಜೊತೆಯಲ್ಲಿ ಬರುವುದಿಲ್ಲ. ಕೊಟ್ಟ ಆಜ್ಞೆಗಳನ್ನು ಕ್ರಮವಾಗಿ ಬರೆದಿಡುವ ಸೌಕರ್ಯವಿದ್ದರೂ ಅದನ್ನು ಬಳಸದವನ ಕೈಯಲ್ಲಿ ಉಳಿಯುವುದು ಪ್ರತಿಯ ಹೆಸರಿಲ್ಲದ ಪಾಠಾಂತರವೇ. ಹಳೆಯ ಆವೃತ್ತಿಯ ಅಂಕೆಯನ್ನು ಹೊಸದರ ಅಂಕೆಯೊಡನೆ ಹೋಲಿಸುವವರಿಗೆ ಇದರ ತೊಂದರೆ ತಾನಾಗಿಯೇ ತಿಳಿಯುವುದು.

ದೋಷವನ್ನು ಕಂಡವರು ಕರ್ತೃಗಳಿಗೆ ತಿಳಿಸುವಾಗಲೂ ಪಾಠಪರಿಷ್ಕರಣದ ಶಿಸ್ತೇ ಬೇಕು. ‘ಅಳತೆ ಸರಿಯಿಲ್ಲ’ ಎಂದು ಬರೆದರೆ ಪ್ರಯೋಜನವಿಲ್ಲ. ತಪ್ಪು ಮುದ್ರಣದ್ದೋ, ಎಲ್ಲೆಗಳದ್ದೋ, ತಂತ್ರಾಂಶದ್ದೋ ಎಂಬುದನ್ನು ಮೊದಲು ವಿಂಗಡಿಸಬೇಕು. ದನಿಯನ್ನು ಮುದ್ರಿಸುವಾಗಲೇ ತರಂಗಗಳ ತುದಿ ಕತ್ತರಿಸಿಹೋಗಿದ್ದರೆ ಅದು ತಂತ್ರಾಂಶದ ಅಪರಾಧವಲ್ಲ. ಆಮೇಲೆ ಆವೃತ್ತಿಯ ಸಂಖ್ಯೆ, ದೋಷವು ಕಾಣುವ ಅತ್ಯಂತ ಚಿಕ್ಕ ಧ್ವನಿತುಣುಕು, ಇಟ್ಟ ಬೆಲೆಗಳು, ಮಾಡಿದ ಕ್ರಮ, ನಿರೀಕ್ಷಿಸಿದ ಫಲ, ದೊರೆತ ಫಲ ಇವಿಷ್ಟನ್ನೂ ತಿಳಿಸಬೇಕು. ಇನ್ನೊಬ್ಬನು ತನ್ನ ಯಂತ್ರದಲ್ಲಿ ಅದೇ ದೋಷವನ್ನು ಕಾಣಲು ಶಕ್ತನಾದರೆ ಮಾತ್ರ ಅದು ತಿದ್ದಲು ಯೋಗ್ಯವಾದ ದೂರು.

ನಮ್ಮ ಪತ್ರಿಕೆಗಳೂ ವಿಶ್ವವಿದ್ಯಾನಿಲಯಗಳೂ ಧ್ವನಿಮಾಪನದ ಲೇಖನಗಳಲ್ಲಿ ಆವೃತ್ತಿ, ವಿಧಾನ, ಎಲ್ಲೆ ಈ ಮೂರನ್ನು ನಮೂದಿಸುವುದನ್ನು ಕಡ್ಡಾಯ ಮಾಡುವುದು ಯುಕ್ತವಾಗಿದೆ. ಹಾಗೆ ಮಾಡಿದಲ್ಲಿ ಕನ್ನಡ ದನಿಗಳ ವಿಷಯದಲ್ಲಿ ಈ ಸಾಧನವು ಎಲ್ಲಿ ಎಡವುವುದೆಂಬ ತಿಳಿವಳಿಕೆಯು ಕ್ರಮೇಣ ಸಂಗ್ರಹವಾಗಿ ಅದರ ಕರ್ತೃಗಳಿಗೂ ನಮ್ಮ ವಿದ್ಯಾರ್ಥಿಗಳಿಗೂ ಉಪಕಾರವಾಗುವುದು. ವಿದ್ವಾಂಸರು ಈ ಸೂಚನೆಯನ್ನು ಪರ್ಯಾಲೋಚಿಸಬೇಕೆಂದು ಕೋರುತ್ತೇವೆ.